ನೊಗವೂ ಬಿಡುಗಡೆಯೂ

ಇಂಗ್ಲಿಷಿನಲ್ಲಿ ‘ಸಿಜಿಜಿ’ ಎಂಬುದೊಂದು ಪದವಿದೆ. ಆರು ಅಕ್ಷರಗಳ ಆ ಪದದಲ್ಲಿ ಮೂರು ‘ವೈ’ಗಳೇ, ಮಕ್ಕಳಿಗೆ ಸ್ವರಗಳೆಂದು ಕಲಿಸುವ ಐದಕ್ಷರಗಳಲ್ಲಿ ಒಂದೂ ಇಲ್ಲ. ಕಣ್ಣಿಗೆ ವಿಚಿತ್ರ, ನಾಲಗೆಗೆ ತೊಡಕು. ಅರ್ಥ ಮಾತ್ರ ಸರಳ: ಜೋಡಿ, ಕೂಡುವಿಕೆ. ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುವುದನ್ನು ಖಗೋಳಶಾಸ್ತ್ರಜ್ಞರು ಹೀಗೆ ಕರೆಯುತ್ತಾರೆ. ನಮ್ಮ ಅಮಾವಾಸ್ಯೆ, ಹುಣ್ಣಿಮೆಗಳೆರಡೂ ಸಿಜಿಜಿಗಳೇ. ಗ್ರೀಕ್ ಛಂದಸ್ಸಿನಲ್ಲಿ ಎರಡು ಗಣಗಳ ಕೂಟಕ್ಕೂ ಅದೇ ಹೆಸರು. ಎರಡನೆಯ ಶತಮಾನದಲ್ಲಿ ರೋಮಿನಲ್ಲಿ ಬೋಧಿಸಿದ ವ್ಯಾಲೆಂಟೈನಸನ ಪಂಥದವರು ದಿವ್ಯತತ್ತ್ವಗಳು ಗಂಡುಹೆಣ್ಣಿನ ಜೋಡಿಗಳಾಗಿವೆಯೆಂದು ನಂಬಿ ಆ ಜೋಡಿಗಳಿಗೂ ಇದೇ ಹೆಸರಿಟ್ಟರು.

ಪದದ ಮೂಲ ಗ್ರೀಕ್. ‘ಸುನ್’ ಎಂದರೆ ಜೊತೆ. ‘ಜುಗೋನ್’ ಎಂದರೆ ಎತ್ತಿನ ಹೆಗಲ ಮೇಲಿನ ನೊಗ. ಈ ಜುಗೋನ್, ಲ್ಯಾಟಿನ್ನಿನ ‘ಯುಗುಮ್’, ಇಂಗ್ಲಿಷಿನ ‘ಯೋಕ್’, ಸಂಸ್ಕೃತದ ‘ಯುಗ’ ಇವೆಲ್ಲ ಒಂದೇ ತಾಯಿಯ ಮಕ್ಕಳು. ಯುಗವೆಂದರೆ ನಮಗೆ ಕಾಲಮಾನವೇ ನೆನಪಾಗುತ್ತದೆ; ಆದರೆ ನೊಗ, ಜೋಡಿ ಎಂಬ ಅರ್ಥಗಳೂ ಅದಕ್ಕಿವೆ. ಯುಗಳ, ಯುಗ್ಮ, ಯೋಗ ಎಲ್ಲವೂ ಅದೇ ಮನೆಯವು. ಮುಂಡಕೋಪನಿಷತ್ತು ಒಂದೇ ಮರದಲ್ಲಿ ಕುಳಿತ ಎರಡು ಹಕ್ಕಿಗಳನ್ನು ಬಣ್ಣಿಸುವಾಗ ‘ಸಯುಜ’ ಎಂಬ ವಿಶೇಷಣ ಬಳಸುತ್ತದೆ. ಒಟ್ಟಿಗೆ ಹೂಡಲ್ಪಟ್ಟವು ಎಂದು ಅದರ ಅರ್ಥ. ಆ ‘ಸಯುಜ’ದಿಂದಲೇ ‘ಸಾಯುಜ್ಯ’ ಬಂದದ್ದು.

ಒಮ್ಮೆ ತರಗತಿಯಲ್ಲಿ ಸಾಲೋಕ್ಯ, ಸಾಮೀಪ್ಯ, ಸಾರೂಪ್ಯ, ಸಾಯುಜ್ಯಗಳನ್ನು ವಿವರಿಸುತ್ತ ಈ ವ್ಯುತ್ಪತ್ತಿಯನ್ನು ಉತ್ಸಾಹದಿಂದ ಹೇಳಿದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ನೊಗಕ್ಕೆ ಕಟ್ಟಿದರೆ ಅದು ಮುಕ್ತಿ ಹೇಗಾಯಿತು, ಸಾರ್?” ಎಂದಳು. ತರಗತಿ ನಕ್ಕಿತು, ಅವಳು ನಗಲಿಲ್ಲ. ಆ ಹೊತ್ತಿಗೆ ಸರಿಯಾದ ಉತ್ತರ ನನ್ನಲ್ಲಿರಲಿಲ್ಲ. ಗಂಟೆ ಬಾರಿಸಿದ್ದು ನನ್ನ ಪುಣ್ಯ.

ಅವಳ ಪ್ರಶ್ನೆಯಲ್ಲಿ ಹುರುಳಿತ್ತು. ಕ್ರಿಸ್ತಪೂರ್ವ 321ರಲ್ಲಿ ಸಾಮ್ನೈಟರು ಕಾಡೈನ್ ಕಣಿವೆಯಲ್ಲಿ ರೋಮನ್ ಸೈನ್ಯವನ್ನು ಮುತ್ತಿ ಸೋಲಿಸಿ, ಈಟಿಗಳಿಂದ ನೊಗವೊಂದನ್ನು ಮಾಡಿ, ಸೈನಿಕರನ್ನು ಅದರ ಕೆಳಗೆ ತಲೆ ಬಗ್ಗಿಸಿ ನಡೆಸಿದರು. ನೊಗದ ಕೆಳಗೆ ತರುವುದೆಂಬ ಅರ್ಥದ ಲ್ಯಾಟಿನ್ ಮಾತಿನಿಂದಲೇ ಇಂಗ್ಲಿಷಿನ ‘ಸಬ್ಜುಗೇಟ್’ ಬಂದಿದೆ: ಅಡಿಯಾಳಾಗಿಸುವುದು. ದಾಂಪತ್ಯಕ್ಕೆ ಸಂಬಂಧಿಸಿದ ‘ಕಾಂಜುಗಲ್’ ಎಂಬ ಪದದ ಬೇರೂ ಅದೇ. ಒಂದೇ ನೊಗ ಒಂದೆಡೆ ದಾಸ್ಯ, ಇನ್ನೊಂದೆಡೆ ದಾಂಪತ್ಯ. ಎಷ್ಟೋ ಮನೆಗಳಲ್ಲಿ ಈ ಎರಡರ ನಡುವೆ ಅಂತರವೇ ಉಳಿದಿಲ್ಲವೆಂಬುದನ್ನು ಆ ಹುಡುಗಿ ಬಲ್ಲವಳಿರಬೇಕು.

ಹಾಗಾದರೆ ಭೇದವೆಲ್ಲಿ? ಸಾಮ್ನೈಟರ ನೊಗದ ಕೆಳಗೆ ಸಾಮ್ನೈಟರ ಕುತ್ತಿಗೆ ಇರಲಿಲ್ಲ. ನೊಗ ಹೊರುವವನು ಒಬ್ಬ, ಹೊರಿಸುವವನು ಇನ್ನೊಬ್ಬ ಎಂದಾದರೆ ಅದು ದಾಸ್ಯವೇ. ಎಷ್ಟು ಹೂವು ಮುಡಿಸಿದರೂ, ಎಷ್ಟು ಮಂತ್ರ ಹೇಳಿದರೂ ದಾಸ್ಯವೇ. ಜೊತೆಯ ಕುತ್ತಿಗೆಯೂ ಅದರ ಕೆಳಗಿದ್ದರೆ ಮಾತ್ರ ಅದು ಜೋಡಿ.

ಇಬ್ಬರೂ ಹೊತ್ತರೂ ಸಾಲದು. ಹೇಗೆ ಹೊರುತ್ತಾರೆಂಬುದೂ ಮುಖ್ಯ. ಇದನ್ನು ರೈತ ಬಲ್ಲ. ಒಂದು ಎತ್ತು ಬಡಕಲಾಗಿದ್ದರೆ ಅವನು ನೊಗವನ್ನು ಈಸಿಗೆ ನಟ್ಟನಡುವೆ ಬಿಗಿಯುವುದಿಲ್ಲ. ಮಿಣಿಯನ್ನು ಬಲವಾದ ಎತ್ತಿನ ಕಡೆಗೆ ತುಸು ಸರಿಸಿ ಕಟ್ಟುತ್ತಾನೆ. ಬಡ ಎತ್ತಿನ ಪಾಲಿನ ನೊಗ ಉದ್ದವಾಗಿ, ಅದರ ಮೇಲಿನ ಭಾರ ಕಡಿಮೆಯಾಗುತ್ತದೆ. ಅಳತೆಗೋಲು ಹಿಡಿದು ನೋಡಿದರೆ ಇದು ಅಸಮಾನತೆ. ಆದರೆ ಎರಡೂ ಒಂದೇ ಹೆಜ್ಜೆಯಲ್ಲಿ ಉಳುಮೆ ಮುಗಿಸುತ್ತವೆ. ಸಮವೆಂದರೆ ಸಮಭಾರವಲ್ಲ, ಸಮನಡೆ.

ಆಕಾಶದ ಜೋಡಿಯದೂ ಇದೇ ಮಾತು. ಕಡಲನ್ನು ಉಬ್ಬಿಸುವುದರಲ್ಲಿ ಸೂರ್ಯನ ಬಲ ಚಂದ್ರನ ಬಲದ ಅರ್ಧಕ್ಕಿಂತ ತುಸು ಕಡಿಮೆ. ಅಮಾವಾಸ್ಯೆಯಂದು ಇಬ್ಬರೂ ಒಂದೇ ದಿಕ್ಕಿನಲ್ಲಿರುತ್ತಾರೆ, ಹುಣ್ಣಿಮೆಯಂದು ಎದುರುಬದುರು. ಎರಡು ಸಲವೂ ದೊಡ್ಡ ಉಬ್ಬರವೇ ಬರುತ್ತದೆ. ಎದುರುಬದುರು ನಿಂತವರೆಲ್ಲ ವಿರೋಧಿಗಳಲ್ಲ. ಅಷ್ಟಮಿಯ ಹೊತ್ತಿಗೆ ಒಬ್ಬನ ಸೆಳೆತ ಇನ್ನೊಬ್ಬನದಕ್ಕೆ ಅಡ್ಡವಾದಾಗ ಮಾತ್ರ ಉಬ್ಬರ ತಗ್ಗುತ್ತದೆ.

ಆ ಹುಡುಗಿಗೆ ಇಂದು ಉತ್ತರ ಹೇಳುವುದಾದರೆ ಇಷ್ಟೇ ಹೇಳಿಯೇನು: “ಒಂಟಿ ಎತ್ತಿಗೆ ಜೋಡಿನೊಗ ಬರಿಯ ಭಾರ, ತಾಯಿ. ಸಾಯುಜ್ಯದಲ್ಲಿ ದೇವರೂ ನೊಗಕ್ಕೆ ಹೆಗಲು ಕೊಟ್ಟಿರುತ್ತಾನೆ. ಅದಕ್ಕೇ ಅದು ಮುಕ್ತಿ. ಯಾರಾದರೂ ನಿನ್ನ ಮುಂದೆ ನೊಗ ಹಿಡಿದು ನಿಂತರೆ, ಮೊದಲು ಅದರ ಇನ್ನೊಂದು ತುದಿಯಲ್ಲಿ ಯಾರ ಹೆಗಲಿದೆ ನೋಡು.”