ಉಸಿರಿನ ಹೇತು, ರೋಗದ ಅನುಮಾನ

ಎದೆಯೊಳಗೆ ಬೆಳೆಯುತ್ತಿರುವ ಗಡ್ಡೆಯನ್ನು ಹೊರಬಿಟ್ಟ ಉಸಿರಿನಿಂದ ಅರಿಯುವುದು ಯಾವ ಬಗೆಯ ಜ್ಞಾನವೆಂಬುದು ಭಾರತೀಯ ತರ್ಕಪರಂಪರೆಯಾದ ನ್ಯಾಯದರ್ಶನವು ಕೇಳಬಹುದಾದ ಪ್ರಶ್ನೆ. ಅದು ಪ್ರತ್ಯಕ್ಷವಂತೂ ಅಲ್ಲ. ಹೊಗೆಯನ್ನು ಕಂಡು ಬೆಟ್ಟದಲ್ಲಿ ಬೆಂಕಿಯಿದೆಯೆಂದು ನಿಶ್ಚಯಿಸುವಂಥ ಅನುಮಾನ. ಅನುಮಾನದ ಬಲವಿರುವುದು ವ್ಯಾಪ್ತಿಯಲ್ಲಿ, ಎಂದರೆ ಹೇತು (ಹೊಗೆಯಂಥ ಗುರುತು) ಇದ್ದಲ್ಲೆಲ್ಲ ಸಾಧ್ಯವೂ (ಬೆಂಕಿಯಂತೆ ಸಾಧಿಸಬೇಕಾದದ್ದೂ) ಇದ್ದೇ ಇರುತ್ತದೆಂಬ ತಪ್ಪದ ಸಂಬಂಧದಲ್ಲಿ.

ಹೇತುಗಳಿಗೆ ಇಲ್ಲಿ ಬರವಿಲ್ಲ. ಆವಿಯ ಘಟಕಗಳನ್ನು ಒಂದೊಂದಾಗಿ ಬೇರ್ಪಡಿಸುವ ಗ್ಯಾಸ್ ಕ್ರೊಮ್ಯಾಟೊಗ್ರಫಿಯಿಂದ ರಸಾಯನವಿಜ್ಞಾನಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು 1971ರಲ್ಲೇ ಮನುಷ್ಯನ ಉಸಿರಿನಲ್ಲಿ ಸುಮಾರು 250 ವಸ್ತುಗಳನ್ನು ಗುರುತಿಸಿದ್ದರು. ಜೀವಕೋಶದ ಪೊರೆಯ ಕೊಬ್ಬಿನಾಮ್ಲಗಳು ಆಕ್ಸಿಡೀಕರಣಗೊಂಡು ಒಡೆದಾಗ ಹುಟ್ಟುವ ಪೆಂಟೇನ್‌ನಂಥ ಹೈಡ್ರೋಕಾರ್ಬನ್‌ಗಳೂ ಆಲ್ಡಿಹೈಡ್‌ಗಳೂ ರಕ್ತಕ್ಕಿಳಿದು, ಶ್ವಾಸಕೋಶದ ಗಾಳಿಗೂಡುಗಳ ತೆಳುಭಿತ್ತಿಯನ್ನು ದಾಟಿ, ಶತಕೋಟಿಯಲ್ಲಿ ಕೆಲವೇ ಭಾಗಗಳಷ್ಟು ಅತ್ಯಲ್ಪ ಪ್ರಮಾಣದಲ್ಲಿ ಹೊರಬರುತ್ತವೆ. ಎದೆಯ ಎಕ್ಸ್-ರೇಯಲ್ಲಿ ದೋಷ ಕಂಡಿದ್ದ 108 ಜನರನ್ನು ಮೈಕೆಲ್ ಫಿಲಿಪ್ಸ್ ಅವರ ತಂಡ ಪರೀಕ್ಷಿಸಿ, ಕ್ಯಾನ್ಸರ್ ಇದ್ದ 60 ಜನರನ್ನು ಉಳಿದವರಿಂದ ಬೇರ್ಪಡಿಸಬಲ್ಲ 22 ಸಂಯುಕ್ತಗಳ ಗುಂಪೊಂದನ್ನು 1999ರಲ್ಲಿ ಪ್ರಕಟಿಸಿತು.

ತೊಡಕು ಇರುವುದು ವ್ಯಾಪ್ತಿಯಲ್ಲಿ. ಬೆಂಕಿಯಿರುವುದರಿಂದ ಹೊಗೆಯೂ ಇದೆಯೆಂದು ವಾದಿಸುವವನಿಗೆ ನೈಯಾಯಿಕರು ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ತೋರಿಸುತ್ತಾರೆ: ಅಲ್ಲಿ ಬೆಂಕಿಯಿದೆ, ಹೊಗೆಯಿಲ್ಲ, ಏಕೆಂದರೆ ಹೊಗೆಗೆ ಹಸಿ ಸೌದೆಯೂ ಬೇಕು. ಬೆಂಕಿಗೂ ಹೊಗೆಗೂ ನೇರವಾದ ನಂಟಿದೆಯೆಂಬ ಭ್ರಮೆ ಹುಟ್ಟಿಸುವ ಈ ಮರೆಯ ನಿಬಂಧನೆಯೇ ಉಪಾಧಿ. ಗಂಗೇಶೋಪಾಧ್ಯಾಯರ ‘ತತ್ತ್ವಚಿಂತಾಮಣಿ’ ಎಂಬ ನ್ಯಾಯಗ್ರಂಥ ಇದನ್ನು ದೀರ್ಘವಾಗಿ ಚರ್ಚಿಸುತ್ತದೆ. ಉಸಿರಿನ ಪರೀಕ್ಷೆಯಲ್ಲಿ ಉಪಾಧಿಗಳು ಒಂದೆರಡಲ್ಲ. ಉಪವಾಸವಿದ್ದವನ ಉಸಿರಿನಲ್ಲಿ ಅಸಿಟೋನ್ ಏರುತ್ತದೆ. ಬೀಡಿ ಸಿಗರೇಟು ಸೇದುವವನ ಉಸಿರಿನಲ್ಲಿ ಬೆಂಜೀನ್ ಇರುತ್ತದೆ. ಉರಿಯೂತದಿಂದಲೂ ಕೊಬ್ಬಿನಾಮ್ಲಗಳು ಒಡೆಯುತ್ತವೆ. ಪರೀಕ್ಷೆಯ ಕೋಣೆಯ ಗಾಳಿಯೂ ತನ್ನ ಪಾಲು ಸೇರಿಸುತ್ತದೆ. ರೋಗಿಗಳಲ್ಲಿ ಧೂಮಪಾನಿಗಳೇ ಹೆಚ್ಚಿರುವ ಅಧ್ಯಯನವೊಂದು ಕ್ಯಾನ್ಸರಿನ ಗುರುತೆಂದು ಹಿಡಿದದ್ದು ತಂಬಾಕಿನ ಗುರುತೇ ಆಗಿರಬಹುದು. (ತರ್ಕಗ್ರಂಥಗಳ ಹೊಗೆ ಇಲ್ಲಿ ಅಕ್ಷರಶಃ ಅಡ್ಡಬಂದಿದೆ.)

ಉಪಾಧಿಯನ್ನು ಕಳೆಯುವ ದಾರಿಯನ್ನೂ ನ್ಯಾಯವೇ ಹೇಳುತ್ತದೆ: ಸಾಹಚರ್ಯವನ್ನು, ಎಂದರೆ ಹೇತುವೂ ಸಾಧ್ಯವೂ ಜೊತೆಗಿರುವುದನ್ನು, ಮತ್ತೆ ಮತ್ತೆ ಕಾಣಬೇಕು, ವ್ಯಭಿಚಾರವನ್ನು, ಎಂದರೆ ಹೇತುವಿದ್ದೂ ಸಾಧ್ಯವಿಲ್ಲದ ನಿದರ್ಶನವನ್ನು, ಹುಡುಕಿ ನೋಡಬೇಕು. ಬೇರೆ ಬೇರೆ ಊರುಗಳ, ಬೇರೆ ಬೇರೆ ಆಹಾರದ ಜನರಲ್ಲಿ ಅದೇ ಸಂಯುಕ್ತಗಳು ನಿಲ್ಲುವವರೆಗೆ ಉಸಿರಿನ ಫಲಿತಾಂಶವನ್ನು ರೋಗನಿರ್ಣಯವೆಂದು ಕರೆಯುವುದು ತರ್ಕಕ್ಕೂ ರೋಗಿಗೂ ಮಾಡುವ ಅನ್ಯಾಯ. ಸದ್ಯಕ್ಕೆ ಅದು ಮುಂದಿನ ತಪಾಸಣೆಗೆ ಕಾರಣವಾಗಬಲ್ಲ ಸಂಶಯ ಮಾತ್ರ. ನಿಶ್ಚಯ ಹುಟ್ಟುವುದು ಅಂಗಾಂಶದ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಡಿ ನೋಡುವ ಬಯಾಪ್ಸಿಯಿಂದಲೇ.