ಮರೆಯಲ್ಪಟ್ಟ ಎರಡು ವರುಷಗಳು

ಮಳೆ ತಪ್ಪಿ ಬೆಳೆ ಒಣಗುವಾಗಲೂ, ಮನೆಯಲ್ಲಿ ಕೂಸು ಜ್ವರದಿಂದ ನರಳುವಾಗಲೂ, ದೇವರು ನಮ್ಮನ್ನು ಮರೆತನೋ ಎಂದು ನಮ್ಮ ಹೃದಯವು ಕೇಳುವದುಂಟು. ಆದಿಕಾಂಡದಲ್ಲಿ ಹೇಳಿರುವ ಯೋಸೇಫನನ್ನು ನೋಡಿರಿ.

17 ವರುಷದ ಆ ಹುಡುಗನನ್ನು ಅಣ್ಣಂದಿರು ಗುಂಡಿಗೆ ಹಾಕಿ, 20 ಬೆಳ್ಳಿ ನಾಣ್ಯಗಳಿಗೆ ಮಾರಿಬಿಟ್ಟರು. ಐಗುಪ್ತದಲ್ಲಿ ಅವನು ಸುಳ್ಳು ದೂರಿನಿಂದ ಸೆರೆಮನೆಗೆ ಬಿದ್ದನು. ತನಗೇ ದುಃಖವಿದ್ದರೂ ಜೊತೆಸೆರೆಯವರ ಮೋರೆ ಬಾಡಿದ್ದನ್ನು ಕಂಡು ವಿಚಾರಿಸಿದನು. ಅರಸನ ಪಾನದಾಯಕನಿಗೆ ಕನಸಿನ ಅರ್ಥವನ್ನು ತಿಳಿಸಿ, ಬಿಡುಗಡೆಯಾದ ಮೇಲೆ ತನ್ನ ವಿಷಯವಾಗಿ ಫರೋಹನಿಗೆ ಅರಿಕೆಮಾಡಬೇಕೆಂದು ಬೇಡಿಕೊಂಡನು. ಆದರೆ ಆ ಮನುಷ್ಯನು ಪೂರಾ 2 ವರುಷ ಅವನನ್ನು ಮರೆತುಬಿಟ್ಟನು.

ಅವನು ಕೂಡಲೇ ನೆನಸಿದ್ದರೆ ಯೋಸೇಫನು ತಂದೆಯ ದೇಶಕ್ಕೆ ಹೊರಟುಹೋಗುತ್ತಿದ್ದನೇನೋ. ಫರೋಹನು ಕನಸು ಕಂಡ ದಿವಸದಲ್ಲಿ ಅರ್ಥ ಹೇಳುವವನು ಸಮೀಪದಲ್ಲಿ ಇರುತ್ತಿರಲಿಲ್ಲ. ಯೋಸೇಫನು 30 ವರುಷದವನಾಗಿ ಅರಸನ ಮುಂದೆ ನಿಂತನು. 7 ವರುಷದ ಬರದಲ್ಲಿ ಐಗುಪ್ತ್ಯರೂ, ಅವನನ್ನು ಮಾರಿದ ಅಣ್ಣಂದಿರೂ ಅವನ ಕೈಯಿಂದಲೇ ಧಾನ್ಯವನ್ನು ಹೊಂದಿ ಬದುಕಿದರು.

ಅಣ್ಣಂದಿರ ಪಾಪವು ಪಾಪವೇ. ದೇವರು ಅದನ್ನು ಒಳ್ಳೇದೆನ್ನಲಿಲ್ಲ. ಆದಾಗ್ಯೂ ಅದು ಆತನ ಸಂಕಲ್ಪವನ್ನು ತಡೆಯಲಾರದೆ ಹೋಯಿತು.

ಆದಕಾರಣ ಪ್ರಿಯರೇ, ಸಂಕಟಪಡುವ ನೆರೆಯವನಿಗೆ ಕಾರಣ ಹೇಳಲು ಅವಸರಪಡಬೇಡಿರಿ. ಅವನ ಬಳಿಯಲ್ಲಿ ಕೂತು, ಅವನ ಮಾತನ್ನು ಕೇಳಿ, ಅವನ ಸಂಗಡ ಪ್ರಾರ್ಥಿಸಿರಿ. ನಿಮ್ಮ ಸ್ವಂತ ಕತ್ತಲೆಯಲ್ಲಿಯೂ ಈ ದಿನದ ಕೆಲಸವನ್ನು ನಂಬಿಗಸ್ತರಾಗಿ ಮಾಡಿರಿ. ಮನುಷ್ಯರು ಮರೆತ ವರುಷಗಳನ್ನೂ ಕರ್ತನು ಲೆಕ್ಕದಲ್ಲಿ ಇಟ್ಟಿದ್ದಾನೆ. ಆಮೆನ್.