ರುಚಿ ನೋಡದ ಕೈ

ತಾನು ತಿನ್ನಬಾರದೆಂದು ತೀರ್ಮಾನಿಸಿದ ತಿಂಡಿಯನ್ನು ಇನ್ನೊಬ್ಬರಿಗೆ ಮಾಡಿ ಬಡಿಸುವುದು ಸರಿಯೇ? ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ. ಆದರೆ ಇದು ಈಗ ಎಷ್ಟೋ ಮನೆಗಳಲ್ಲಿ ನಡೆಯುವ ಸಂಗತಿ. ಹೋಳಿಗೆ ತಟ್ಟುವ ಅಮ್ಮ ಹೋಳಿಗೆ ತಿನ್ನುವುದಿಲ್ಲ. ಊರಿಂದ ಡಬ್ಬಿ ತುಂಬ ಮೈಸೂರು ಪಾಕು ಕಳಿಸುವ ದೊಡ್ಡಪ್ಪ ಒಂದು ಚೂರನ್ನೂ ಬಾಯಿಗೆ ಹಾಕಿಕೊಳ್ಳುವುದಿಲ್ಲ. ಅದೆಲ್ಲ ಪ್ರೀತಿ ಎಂದುಕೊಂಡು ನಾವು ತಟ್ಟೆ ಮುಂದೆ ಹಿಡಿಯುತ್ತೇವೆ. ಮಾತು ಅಲ್ಲಿಗೆ ಮುಗಿಯುತ್ತದೆ.

ನನಗೆ ಈಗ ಅಷ್ಟು ಸುಲಭದಲ್ಲಿ ಮುಗಿಸಲು ಆಗುತ್ತಿಲ್ಲ. ಒಂದು ವರ್ಷದಿಂದ ನಾನೇ ಅವರ ಸಾಲಿನಲ್ಲಿದ್ದೇನೆ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ನನ್ನದು 6.2 ಬಂದಿತ್ತು. 5.7ರಿಂದ 6.4ರವರೆಗಿನದು ಮಧುಮೇಹದ ಹೊಸ್ತಿಲು ಎನ್ನುತ್ತಾರೆ. ಸಕ್ಕರೆ, ಬೆಲ್ಲ, ಮೈದಾ ಬಿಟ್ಟಾಯಿತು. ಅನ್ನ ಒಂದು ಸೌಟಿಗೆ ಇಳಿಯಿತು. ಬೇಕಿಂಗ್ ಮಾತ್ರ ಬಿಡಲಿಲ್ಲ. ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಓವನ್ ಮೊದಲಿನ ಹಾಗೆಯೇ ಕಾಯುತ್ತದೆ. ಬೆಣ್ಣೆ ಬಿಸ್ಕತ್ತು, ಬಾಳೆಹಣ್ಣಿನ ಕೇಕು, ನಾನ್‌ಖಟಾಯಿ ಎಲ್ಲವೂ ಹೊರಬರುತ್ತವೆ. ನನಗೆ ಒಂದು ಮುಷ್ಟಿ ಹುರಿದ ಕಡಲೆ.

ಮೊದಲು ಸುಲಭದ ಉತ್ತರವೊಂದನ್ನು ನೋಡೋಣ. ಹಿತೈಷಿಗಳೆಲ್ಲ ಹೇಳುವುದು ಅದನ್ನೇ: ಎಲ್ಲರೂ ತಿನ್ನಬಹುದಾದದ್ದನ್ನೇ ಮಾಡು, ಸಕ್ಕರೆಗೆ ಬದಲಿ ಹಾಕು. ಹಾಗೆ ಮಾಡಬಹುದಾಗಿದ್ದರೆ ಈ ಲೇಖನವೇ ಬೇಕಿರಲಿಲ್ಲ. ಕೇಕಿನಲ್ಲಿ ಸಕ್ಕರೆ ಬರೀ ಸಿಹಿಗಾಗಿ ಇರುವುದಿಲ್ಲ. ಬೆಣ್ಣೆಯ ಜೊತೆ ಸಕ್ಕರೆ ಹಾಕಿ ತಿಕ್ಕುವಾಗ ಅದರ ಹರಳುಗಳು ಬೆಣ್ಣೆಯೊಳಗೆ ಗಾಳಿಯನ್ನು ಸೇರಿಸುತ್ತವೆ. ಕೇಕು ಉಬ್ಬುವುದು ಆ ಗಾಳಿಯ ಆಸರೆಯಲ್ಲಿ. ಓವನ್ನಿನೊಳಗೆ ಮೊಟ್ಟೆಯೂ ಹಿಟ್ಟೂ ಗಟ್ಟಿಯಾಗುವುದನ್ನು ಸಕ್ಕರೆ ಸ್ವಲ್ಪ ತಡೆಹಿಡಿಯುತ್ತದೆ, ಆದ್ದರಿಂದ ಉಬ್ಬಲು ಸಮಯ ಸಿಗುತ್ತದೆ. ನೀರನ್ನು ಹಿಡಿದಿಟ್ಟುಕೊಂಡು ಮಾರನೆಯ ದಿನಕ್ಕೂ ಮೆತ್ತಗಿಡುವುದು ಅದೇ, ಮೇಲಿನ ಕಂದು ಬಣ್ಣವೂ ಹೆಚ್ಚಾಗಿ ಅದರದೇ. ಕಾಲು ಭಾಗ ಕಡಿಮೆ ಮಾಡಿದರೆ ಯಾರಿಗೂ ತಿಳಿಯುವುದಿಲ್ಲ. ಅರ್ಧ ತೆಗೆದರೆ ಕೇಕು ಬಿಳಚಿಕೊಂಡು ಇಟ್ಟಿಗೆಯಾಗುತ್ತದೆ. ಎರಿಥ್ರಿಟಾಲ್ ಹಾಕಿದರೆ ಕಂದು ಬಣ್ಣ ಬರುವುದಿಲ್ಲ, ನಾಲಿಗೆಯ ಮೇಲೆ ಪುದೀನ ತಿಂದಂಥ ತಣ್ಣನೆಯ ಭಾವ ಬೇರೆ. ಸ್ಟೀವಿಯಾದ ಬಾಲಕ್ಕೆ ಒಂದು ಕಹಿ ಅಂಟಿಕೊಂಡಿರುತ್ತದೆ.

ಇನ್ನು ಬೆಲ್ಲ, ಖರ್ಜೂರ, ಜೇನು. ಇವುಗಳ ಬಗ್ಗೆ ನನಗಿರುವುದು ರುಚಿಯ ತಕರಾರಲ್ಲ, ಮಾತಿನ ತಕರಾರು. ಬೆಲ್ಲದ ಬಹುಪಾಲು ಸಕ್ಕರೆಯೇ. ಒಣ ಖರ್ಜೂರದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಗೆ ಮಿತಿ ಹೇಳಿದಾಗ ಜೇನುತುಪ್ಪವನ್ನೂ ಹಣ್ಣಿನ ರಸವನ್ನೂ ಅದೇ ಲೆಕ್ಕಕ್ಕೆ ಸೇರಿಸಿತು. ಹಾಗಿದ್ದೂ 'ಸಕ್ಕರೆ ಹಾಕಿಲ್ಲ, ಬರೀ ಖರ್ಜೂರ' ಎಂದು ಹೇಳಿ ಒಬ್ಬ ಮಧುಮೇಹಿಯ ಕೈಗೆ ಲಾಡು ಕೊಡುವುದು ನಮ್ಮಲ್ಲಿ ಪುಣ್ಯದ ಕೆಲಸದ ಹಾಗೆ ನಡೆಯುತ್ತದೆ. ಇಂಥ ಲಾಡಿಗಿಂತ ಸಕ್ಕರೆ ಎಂದು ಹೇಳಿಕೊಂಡೇ ಬರುವ ಕೇಕು ಮೇಲು. ತಿನ್ನುವವರಿಗೆ ತಾವು ಏನು ತಿನ್ನುತ್ತಿದ್ದೇವೆಂದು ಗೊತ್ತಿರುತ್ತದೆ.

ಹೀಗಾಗಿ ಕೇಕು ಕೇಕಾಗಿಯೇ ಇರಬೇಕು, ನಾನು ತಿನ್ನಬಾರದು. ಇಷ್ಟಾದ ಮೇಲೆ ಉಳಿಯುವುದು ಮೊದಲಿನ ಪ್ರಶ್ನೆ. ಅದನ್ನು ನನಗೆ ಮುಖಕ್ಕೆ ಹೊಡೆದ ಹಾಗೆ ಕೇಳಿಸಿದ್ದು ನನ್ನ ಅಕ್ಕ. ಅವಳ ತಟ್ಟೆಗೆ ಎರಡನೆಯ ತುಂಡು ಇಡುತ್ತ, ಒಳಗೆ ಚೆನ್ನಾಗಿ ಬೆಂದಿದೆಯಾ, ಕಿತ್ತಳೆ ಸಿಪ್ಪೆಯ ಪರಿಮಳ ಗೊತ್ತಾಗುತ್ತಾ ಎಂದು ಕೇಳುತ್ತಿದ್ದೆ. ಅವಳು ನಕ್ಕು, "ನೀನು ಬಿಟ್ಟಿದೀಯ ಅಂತ ಯಾರು ಹೇಳಿದ್ದು? ನಮ್ಮ ಬಾಯಲ್ಲಿ ತಿಂತಾ ಇದೀಯ" ಎಂದಳು.

ಅಕ್ಕನದು ತಮಾಷೆ. ಆದರೆ ಅವಳ ಮಾತಿಗೆ ಪುರಾವೆ ಇದೆ. 1944ರ ಕೊನೆಯಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ಶರೀರಶಾಸ್ತ್ರಜ್ಞ ಹಸಿವಿನ ಬಗ್ಗೆ ಒಂದು ಪ್ರಯೋಗ ಶುರುಮಾಡಿದ. ಯುದ್ಧದಿಂದ ಕಂಗೆಟ್ಟ ಯುರೋಪಿನ ಹಸಿದ ಜನರಿಗೆ ಹೇಗೆ ಮತ್ತೆ ಉಣಿಸಬೇಕೆಂದು ತಿಳಿಯುವುದು ಅದರ ಉದ್ದೇಶ. ಆತ್ಮಸಾಕ್ಷಿಯ ಕಾರಣಕ್ಕೆ ಯುದ್ಧಕ್ಕೆ ಹೋಗಲು ಒಪ್ಪದ 36 ಯುವಕರು ತಾವಾಗಿ ಮುಂದೆ ಬಂದರು. 24 ವಾರ ಅವರಿಗೆ ಅರೆಹೊಟ್ಟೆ. ಮೈತೂಕದ ಸುಮಾರು ಕಾಲು ಭಾಗ ಇಳಿಯಿತು. ವಿಚಿತ್ರವೆಂದರೆ, ಅಡುಗೆಮನೆಯ ಕಡೆ ತಲೆಹಾಕದಿದ್ದ ಈ ಹುಡುಗರು ಪಾಕಶಾಸ್ತ್ರದ ಪುಸ್ತಕಗಳನ್ನು ಕಾದಂಬರಿಯಂತೆ ಓದತೊಡಗಿದರು, ಅಡುಗೆ ವಿಧಾನಗಳನ್ನು ಸಂಗ್ರಹಿಸಿದರು, ಬೇರೆಯವರು ಉಣ್ಣುವುದನ್ನು ನೋಡುವುದರಲ್ಲಿ ಸುಖ ಕಂಡರು. ಹಸಿವನ್ನು ಬಾಗಿಲಿನಿಂದ ಆಚೆ ಹಾಕಿದರೆ ಅದು ಕಿಟಕಿಯಿಂದ ಒಳಗೆ ಬರುತ್ತದೆ. ನಾನು ಅವರಷ್ಟು ಹಸಿದಿಲ್ಲ. ಆದರೆ ಕೇಕು ಕತ್ತರಿಸುವಾಗ ನನ್ನ ಕಣ್ಣು ಎಲ್ಲಿರುತ್ತದೆ ಎಂದು ಕೇಳಿಕೊಂಡರೆ, ತಟ್ಟೆಯ ಮೇಲಲ್ಲ, ತಿನ್ನುವವರ ಮುಖದ ಮೇಲೆ.

ಭಗವದ್ಗೀತೆಯ ಎರಡನೆಯ ಅಧ್ಯಾಯ ಇದನ್ನು ಬಲ್ಲದು. ಆಹಾರ ಬಿಟ್ಟವನಿಂದ ವಿಷಯಗಳು ದೂರವಾಗುತ್ತವೆ, ಅವುಗಳ ರಸ ಮಾತ್ರ ಒಳಗೆ ಉಳಿಯುತ್ತದೆ ಎಂಬ ಅರ್ಥದ ಮಾತು ಅಲ್ಲಿದೆ. ಉಳಿದ ಆ ರಸ ಎಲ್ಲಿಗೆ ಹೋಗುತ್ತದೆ ಎಂಬುದೇ ನನ್ನ ಕುತೂಹಲ. ಇನ್ನೊಬ್ಬರ ಬಾಯಿಗೆ ಹೋಗುವುದಾದರೆ, ಆ ಇನ್ನೊಬ್ಬರು ನನ್ನ ಅತಿಥಿಯೋ ನನ್ನ ನಾಲಿಗೆಯೋ?

ಮಾಡಿಯೂ ತಿನ್ನದವರು ನಮ್ಮ ಸುತ್ತ ಬೇರೆ ಬೇರೆ ಬಗೆಯಲ್ಲಿ ಇದ್ದಾರೆ. ಮಡಿಯಲ್ಲಿ ನೈವೇದ್ಯಕ್ಕೆ ಅಡುಗೆ ಮಾಡುವವರನ್ನು ನೋಡಿ. ದೇವರಿಗೆ ತೋರಿಸುವ ಮುಂಚೆ ಅವರು ರುಚಿ ನೋಡುವಂತಿಲ್ಲ. ಉಪ್ಪು, ಹುಳಿ, ಸಿಹಿ ಎಲ್ಲವೂ ಕೈ ಅಂದಾಜು. ಪಾಕವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಎಳೆದು ಒಂದೆಳೆಯೋ ಎರಡೆಳೆಯೋ ನೋಡುತ್ತಾರೆ. ಹೂರಣ ಉಂಡೆ ಕಟ್ಟಲು ಬಂದರೆ ಸರಿಯಾಗಿದೆ ಎಂದು ಲೆಕ್ಕ. ತುಪ್ಪದಲ್ಲಿ ಬಿದ್ದ ರವೆ ಯಾವಾಗ ಸಾಕೆನ್ನುತ್ತದೆಂದು ಮೂಗು ಹೇಳುತ್ತದೆ. ಬೇಕಿಂಗ್ ಮಾಡುವವರಿಗೆ ಈ ವಿದ್ಯೆ ಪರಕೀಯವಲ್ಲ. ಹಸಿ ಮೊಟ್ಟೆಯ ಹಿಟ್ಟನ್ನು ಹೇಗೂ ನೆಕ್ಕಬಾರದು. ತಕ್ಕಡಿ, ಗಡಿಯಾರ, ವಾಸನೆ ಇಷ್ಟೇ ಆಧಾರ. ಕಡ್ಡಿ ಚುಚ್ಚಿದರೆ ಅಂಟದೆ ಬರಬೇಕು, ಬೆರಳಿಂದ ಮೆಲ್ಲಗೆ ಒತ್ತಿದರೆ ಮತ್ತೆ ಮೇಲೇಳಬೇಕು. ಡಯೆಟ್ ಶುರುವಾದ ಮೇಲೆ ನನ್ನ ಕೇಕು ಕೆಟ್ಟಿಲ್ಲ. ಮೂಗು ಮೊದಲಿಗಿಂತ ಚುರುಕಾಗಿದೆ ಎಂದೇ ಹೇಳಬೇಕು.

ರಂಜಾನ್ ತಿಂಗಳಲ್ಲಿ ಇಡೀ ದಿನ ನೀರನ್ನೂ ಮುಟ್ಟದೆ ಸಂಜೆಯ ಇಫ್ತಾರಿಗೆ ಅಡುಗೆ ಮಾಡುವವರದು ಇನ್ನೊಂದು ರೀತಿ. ಅಗತ್ಯ ಬಿದ್ದರೆ ನಾಲಿಗೆಯ ತುದಿಯಲ್ಲಿ ಉಪ್ಪು ನೋಡಿ ನುಂಗದೆ ಉಗುಳಬಹುದು ಎಂದು ಅನೇಕ ಇಸ್ಲಾಮೀ ವಿದ್ವಾಂಸರು ಅವಕಾಶ ಕೊಡುತ್ತಾರೆ. ಈ ರಿಯಾಯಿತಿ ನನಗೆ ಇಷ್ಟ. ಉಪವಾಸ ಮಾಡುವವರ ಹಟಕ್ಕಿಂತ ಉಣ್ಣುವವರ ಊಟ ಕೆಡಬಾರದೆಂಬುದು ಅಲ್ಲಿ ದೊಡ್ಡದಾಗಿದೆ. ಶಬರಿಯದಂತೂ ಪೂರ್ತಿ ಉಲ್ಟಾ. ಜನ ಹೇಳುವ ಕಥೆಯಲ್ಲಿ ಅವಳು ಪ್ರತಿ ಹಣ್ಣನ್ನೂ ಕಚ್ಚಿ ನೋಡಿ, ಸಿಹಿಯಾದದ್ದನ್ನು ಮಾತ್ರ ರಾಮನಿಗೆ ಕೊಡುತ್ತಾಳೆ.

ಒಬ್ಬರು ಭಕ್ತಿಯಿಂದ ರುಚಿ ನೋಡುವುದಿಲ್ಲ, ಒಬ್ಬಳು ಭಕ್ತಿಯಿಂದಲೇ ರುಚಿ ನೋಡುತ್ತಾಳೆ. ಇಬ್ಬರ ಗಮನವೂ ಉಣ್ಣುವವನ ಮೇಲೆ. ನಾನು ರುಚಿ ನೋಡದಿರುವುದು ಹೆದರಿಕೆಯಿಂದ. ಹೆದರಿಕೆಯಲ್ಲಿ ಅವಮಾನವೇನಿಲ್ಲ, ಕಣ್ಣು, ಮೂತ್ರಪಿಂಡ, ಕಾಲಿನ ನರಗಳ ಬಗ್ಗೆ ಹೆದರುವುದು ಬುದ್ಧಿವಂತಿಕೆಯೇ. ಆದರೆ ಹೆದರಿಕೆಯಿಂದ ಬಿಟ್ಟದ್ದಕ್ಕೆ ತ್ಯಾಗದ ಬಟ್ಟೆ ತೊಡಿಸಬಾರದು. ಕೇಕು ಹಂಚುವಾಗ "ಅಯ್ಯೋ, ತಾನು ತಿನ್ನದಿದ್ದರೂ ನಮಗೆ ಮಾಡಿಕೊಡುತ್ತಾರೆ" ಎಂದು ಯಾರಾದರೂ ಹೊಗಳಿದರೆ ನನಗೆ ಮುಜುಗರವಾಗುವುದು ಅದಕ್ಕೇ.

ನೈವೇದ್ಯಕ್ಕೂ ಉಪವಾಸಕ್ಕೂ ಇರುವ ಇನ್ನೊಂದು ಅನುಕೂಲ ಡಯೆಟ್ಟಿಗೆ ಇಲ್ಲ. ಅವಕ್ಕೆ ಕೊನೆಯಿದೆ. ದೇವರಿಗೆ ತೋರಿಸಿದ ಮೇಲೆ ಅದೇ ಪಾಯಸ ಪ್ರಸಾದವಾಗಿ ಮಾಡಿದವರ ಎಲೆಗೂ ಬೀಳುತ್ತದೆ. ಸೂರ್ಯ ಮುಳುಗಿದರೆ ಖರ್ಜೂರ ಕೈಗೆ ಬರುತ್ತದೆ. ಏಕಾದಶಿಯ ಮರುದಿನ ಬೆಳಗ್ಗೆ ದ್ವಾದಶಿಯ ಪಾರಣೆ. ನನ್ನ ಡಯೆಟ್ಟಿಗೆ ಪಾರಣೆ ಇಲ್ಲ. ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಇದೆ. ಸಮಾಜವೂ ಈ ಎರಡನ್ನು ಒಂದೇ ಕಣ್ಣಿನಿಂದ ನೋಡುವುದಿಲ್ಲ. "ಇವತ್ತು ಏಕಾದಶಿ" ಎಂದರೆ ಯಾರೂ ಒತ್ತಾಯ ಮಾಡುವುದಿಲ್ಲ. "ಡಯೆಟ್" ಎಂದ ತಕ್ಷಣ "ಒಂದು ತುಂಡಿಗೆ ಏನಾಗುತ್ತೆ, ಇವತ್ತೊಂದಿನ" ಎಂಬ ಉಪಚಾರ ಶುರು. ವ್ರತವನ್ನು ಮುರಿಸಿದರೆ ಪಾಪ, ಡಯೆಟ್ ಮುರಿಸಿದರೆ ಪ್ರೀತಿ! ಜೈನರು ಹೇಳುವ ಬಾಹ್ಯ ತಪಸ್ಸುಗಳಲ್ಲಿ ರಸಪರಿತ್ಯಾಗ ಎಂಬುದೊಂದಿದೆ: ಹಾಲು, ಮೊಸರು, ತುಪ್ಪ, ಸಿಹಿಯಂಥ ರಸಗಳನ್ನು ಬಿಡುವುದು. ನನ್ನ ಡಯೆಟ್ ಚೀಟಿಗೂ ಅದಕ್ಕೂ ಮೇಲುನೋಟಕ್ಕೆ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಒಂದಕ್ಕೆ ಗೌರವದ ಮೌನ ಸಿಗುತ್ತದೆ, ಇನ್ನೊಂದಕ್ಕೆ ಚೌಕಾಸಿ.

ಅರಿಸ್ಟಾಟಲ್‌ ಆಸೆಯಿಟ್ಟುಕೊಂಡೇ ಅದನ್ನು ತಡೆಯುವವನನ್ನು ಒಂದು ಕಡೆ, ತಪ್ಪು ಆಸೆಯೇ ಹುಟ್ಟದಷ್ಟು ಪಳಗಿದವನನ್ನು ಇನ್ನೊಂದು ಕಡೆ ಇಟ್ಟು, ಎರಡನೆಯವನು ಮೇಲು ಎನ್ನುತ್ತಾನೆ. ಮೊದಲನೆಯವನದು ಒಳಗೆ ಜಗಳ ನಡೆಯುತ್ತಲೇ ಇರುವ ಮನೆ. ತತ್ತ್ವಶಾಸ್ತ್ರದ ತರಗತಿಯಲ್ಲಿ ಇದನ್ನು ಒಪ್ಪುವುದು ಸುಲಭ. ಓವನ್ನಿನ ಮುಂದೆ ನಿಂತಾಗ ನನಗೆ ಅನುಮಾನ ಬರುತ್ತದೆ. ಕೇಕಿನ ಆಸೆಯೇ ಇಲ್ಲದವನು ಒಳ್ಳೆಯ ಕೇಕು ಮಾಡಬಲ್ಲನೇ? ಕಿತ್ತಳೆ ಸಿಪ್ಪೆ ತುರಿಯುವಾಗ ಬಿಳಿಯ ಭಾಗ ಸೇರಿದರೆ ಕಹಿಯಾಗುತ್ತದೆಂದು ಎಚ್ಚರ ವಹಿಸುವುದು, ಬೆಣ್ಣೆ ಕರಗಿಹೋಗುವ ಮುನ್ನ ತೆಗೆಯುವುದು, ಇವೆಲ್ಲ ನಾಲಿಗೆಯ ನೆನಪಿನಿಂದ ಬರುತ್ತವೆ. ನೆನಪು ಇರುವಲ್ಲಿ ಆಸೆಯೂ ಇರುತ್ತದೆ. ಸುಖವೇ ತಾಗದವರನ್ನು ಅರಿಸ್ಟಾಟಲ್ ಕೂಡ ಮೆಚ್ಚುವುದಿಲ್ಲ. ಅಂಥವರು ಎಷ್ಟು ವಿರಳವೆಂದರೆ ಅವರಿಗೊಂದು ಹೆಸರೂ ಇಲ್ಲ ಎನ್ನುತ್ತಾನೆ. ನನ್ನ ಮಟ್ಟಿಗೆ ಒಳಗಿನ ಜಗಳ ನಡೆದಿರಲಿ. ಅದರಿಂದ ಅಡುಗೆಗೆ ಉಪಕಾರವಾಗಿದೆ. ಚಿಂತೆ ಇರುವುದು ಆ ಜಗಳದ ಖರ್ಚನ್ನು ಬೇರೆ ಯಾರಾದರೂ ಕೊಡುತ್ತಿದ್ದಾರೆಯೇ ಎಂಬುದರ ಬಗ್ಗೆ.

ಇಲ್ಲಿ ಇನ್ನೊಂದು ಆಕ್ಷೇಪವನ್ನು ಎದುರಿಸಬೇಕು. ನನಗೆ ಕೆಟ್ಟದ್ದು ಅವರಿಗೆ ಹೇಗೆ ಒಳ್ಳೆಯದು? ಶೇಂಗಾ ಒಗ್ಗದವನು ಅತಿಥಿಗೆ ಚಿಕ್ಕಿ ಕೊಟ್ಟರೆ ಯಾರೂ ಪ್ರಶ್ನಿಸುವುದಿಲ್ಲ, ಏಕೆಂದರೆ ಅದು ಅವನೊಬ್ಬನ ದೇಹದ ಸಂಗತಿ. ಸಕ್ಕರೆ ಹಾಗಲ್ಲ, ಅದರ ಅತಿ ಎಲ್ಲರಿಗೂ ಅತಿಯೇ. ಆದರೆ ಸಕ್ಕರೆಯನ್ನು ವಿಷ ಎನ್ನುವವರ ಜೊತೆಗೂ ನಾನಿಲ್ಲ. ಹತ್ತು ವರ್ಷದ ಹುಡುಗಿ ವಾರಕ್ಕೊಂದು ತುಂಡು ಕೇಕು ತಿಂದು ಅಂಗಳದಲ್ಲಿ ಓಡುವುದು ವಿಷಪ್ರಾಶನವಲ್ಲ. ನನ್ನ ರಕ್ತದ ವರದಿಯನ್ನು ಅವಳ ತಟ್ಟೆಯ ಮೇಲೆ ಇಡುವ ಹಕ್ಕು ನನಗಿಲ್ಲ. ಅದೇ ರೀತಿ ನನ್ನ ತೀರದ ಆಸೆಯನ್ನು ಅವಳ ತಟ್ಟೆಗೆ ಬಡಿಸುವ ಹಕ್ಕೂ ಇಲ್ಲ. ಮೊದಲನೆಯ ಅತಿಕ್ರಮ ಎಲ್ಲರಿಗೂ ಕಾಣುತ್ತದೆ, ಅಂಥವರನ್ನು ನಾವು ತಮಾಷೆ ಮಾಡುತ್ತೇವೆ. ಎರಡನೆಯದು ಉಪಚಾರದ ವೇಷದಲ್ಲಿ ಬರುವುದರಿಂದ ಕಾಣುವುದೇ ಇಲ್ಲ. ನಮ್ಮ ಪಂಕ್ತಿಗಳಲ್ಲಿ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಬಡಿಸುವುದು ದೊಡ್ಡತನ. ಆದರೆ ತಾನು ಹಸಿದಿರುವವನು ಹಾಗೆ ಬಡಿಸಿದರೆ ಅದರ ಅರ್ಥ ಬೇರೆಯಾಗುತ್ತದೆ. ಬಿಟ್ಟವರಿಗೆ ಒತ್ತಾಯಿಸುವ ಅಧಿಕಾರ ಉಳಿದವರಿಗಿಂತ ಕಡಿಮೆ ಎಂದೇ ನನಗೆ ಅನ್ನಿಸುತ್ತದೆ.

ಆದ್ದರಿಂದ ಮಾಡುವುದು ಸರಿ, ಕೊಡುವುದೂ ಸರಿ. ಕೊಟ್ಟ ಮೇಲೆ ಕಾವಲು ಕೂರುವುದು ಸರಿಯಲ್ಲ. ಇದನ್ನು ಆಚರಣೆಗೆ ತರುವುದು ಮಾತ್ರ ಸ್ವಲ್ಪ ಕಷ್ಟ, ಏಕೆಂದರೆ ಮುಖ ನೋಡುವುದೇ ನನ್ನ ಪಾಲಿನ ಕೇಕು. ಈಗ ತುಂಡು ಮಾಡಿ ಮೇಜಿನ ಮೇಲಿಟ್ಟು ಜಾಲರಿ ಮುಚ್ಚಿ, ಪಾತ್ರೆ ತೊಳೆಯಲು ಹೋಗುತ್ತೇನೆ. ಬೆಣ್ಣೆ ಹಿಡಿದ ಬಟ್ಟಲುಗಳಿಗೆ ಬಿಸಿನೀರು ಬೇಕು, ಕೆಲಸ ಸಾಕಷ್ಟು ಹೊತ್ತು ಹಿಡಿಯುತ್ತದೆ. ಪಕ್ಕದಲ್ಲಿ ಒಂದು ಚೀಟಿ ಇಡುತ್ತೇನೆ: ಮೈದಾ 200 ಗ್ರಾಂ, ಬೆಣ್ಣೆ 200, ಸಕ್ಕರೆ 150, ಮೊಟ್ಟೆ 4, ತುಂಡು 12. ದಿನಕ್ಕೆ 25 ಗ್ರಾಂ ಸಕ್ಕರೆಯೊಳಗೆ ಇದ್ದರೆ ಇನ್ನೂ ಒಳ್ಳೆಯದು ಎಂಬ ಲೆಕ್ಕ ಗೊತ್ತಿರುವವರಿಗೆ ಅಷ್ಟು ಸಾಕು. ಗೊತ್ತಿಲ್ಲದವರು ಕೇಳಿದರೆ ಹೇಳುತ್ತೇನೆ, ಕೇಳದಿದ್ದರೆ ಇಲ್ಲ.

ಕಳೆದ ಭಾನುವಾರ ಭಾವ ಬಂದಿದ್ದರು. ಅವರಿಗೆ ಮಧುಮೇಹ ಬಂದು ಎಂಟು ವರ್ಷ. ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿ, ಮನಸ್ಸಿನಲ್ಲೇ ಭಾಗಿಸಿ, ಒಂದು ತುಂಡನ್ನು ಅರ್ಧ ಮಾಡಿಕೊಂಡರಂತೆ. ಉಳಿದ ಅರ್ಧದ ಜೊತೆ ಇನ್ನೊಂದು ಇಡೀ ತುಂಡನ್ನು ಅಕ್ಕ ತಿಂದಳಂತೆ, ಚೀಟಿಯ ಕಡೆ ನೋಡದೆ. ಇದನ್ನೂ ಅವಳೇ ಆಮೇಲೆ ಹೇಳಿದ್ದು. ನಾನು ಸಿಂಕಿನ ಹತ್ತಿರ ಇದ್ದೆ.